ಅಗಲವಾಗುವ ಹಕ್ಕು

ಅಡಿಕೆಗೆ ಒಳ್ಳೆಯ ದರ ಸಿಕ್ಕ ಮೇಲೆ ಶಿರಸಿಯಲ್ಲಿರುವ ನನ್ನ ಸೋದರಳಿಯನ ಕಣ್ಣಿಗೆ ಅವನ ಸ್ವಿಫ್ಟ್ ಕಾರು ತೀರಾ ಬಡಕಲಾಗಿ ಕಾಣತೊಡಗಿದೆ. ಅದಕ್ಕೆ ವೈಡ್‌ಬಾಡಿ ಕಿಟ್, ಅಂದರೆ ಕಾರಿನ ಮೈಯನ್ನು ಅಗಲಿಸುವ ಫೈಬರ್ ಹೊದಿಕೆ, ಹಾಕಿಸಲೇ ಎಂದು ಅವನು ನನ್ನ ಅಭಿಪ್ರಾಯ ಕೇಳಿದ್ದಾನೆ. ಹೆದ್ದಾರಿಯನ್ನೇ ಅಗಲ ಮಾಡಿ ಮುಗಿಸಲಾಗದ ಜಿಲ್ಲೆಯಲ್ಲಿ ಕಾರನ್ನಾದರೂ ಅಗಲ ಮಾಡಲು ಹೊರಟ ಅವನ ಧೈರ್ಯವನ್ನು ಮೊದಲು ಮೆಚ್ಚಬೇಕು.

ರೇಸಿನ ಕಾರುಗಳಿಗೆ ತಿರುವಿನಲ್ಲಿ ಹಿಡಿತ ಸಿಗಲೆಂದು ಅಗಲವಾದ ಟಯರು ಹಾಕಿದರು, ಹೊರಚಾಚಿದ ಆ ಟಯರನ್ನು ಮುಚ್ಚಲು ಮಡ್‌ಗಾರ್ಡನ್ನು ಉಬ್ಬಿಸಿದರು. ನಮ್ಮಲ್ಲಿ ಮೊದಲು ಮಡ್‌ಗಾರ್ಡ್ ಉಬ್ಬುತ್ತದೆ. ಅದರೊಳಗೆ ಟಯರು ಬಡವಾಗಿ ಕಾಣುವುದರಿಂದ ಸ್ಪೇಸರ್ ಎಂಬ ಲೋಹದ ಬಿಲ್ಲೆ ತುರುಕಿ ಚಕ್ರವನ್ನು ಹೊರಗೆ ತಳ್ಳಲಾಗುತ್ತದೆ, ಆ ಭಾರವನ್ನು ವೀಲ್ ಬೇರಿಂಗು ಹೊರುತ್ತದೆ. ಫೈಬರ್ ಕೂರಿಸಲು ತಗಡನ್ನು ಕತ್ತರಿಸಬೇಕು, ಕತ್ತರಿಸಿದ ಅಂಚನ್ನು ಸರಿಯಾಗಿ ಮುಚ್ಚದೆ ರಿವೆಟ್ ಹೊಡೆದು ಕಳಿಸಿದರೆ ಉಳಿದ ಕೆಲಸವನ್ನು ನಮ್ಮ ಮಳೆಗಾಲವೂ ಕಾರವಾರದ ಉಪ್ಪುಗಾಳಿಯೂ ಹಣ ಕೇಳದೆ ಮಾಡಿಕೊಡುತ್ತವೆ.

ಲೆಕ್ಕ ಇನ್ನೂ ಸೊಗಸಾಗಿದೆ. ಸ್ವಿಫ್ಟಿನ ಅಗಲ 1,735 ಮಿ.ಮೀ.; ಅಳಿಯ ಬಯಸಿದಂತೆ ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಸೇರಿಸಿದರೆ ಸುಮಾರು 1,940. ಅಂದರೆ ಅದು ಫಾರ್ಚೂನರನ್ನೂ ಮೀರಿಸುತ್ತದೆ. ಒಂಟಿಪಥದ ರಸ್ತೆಗೆ ಎಂಜಿನಿಯರರ ಪುಸ್ತಕದಲ್ಲಿರುವ ಅಗಲ 3.75 ಮೀಟರ್. ಇಂಥ ಎರಡು ಕಾರುಗಳು ಎದುರಾದರೆ ಒಂದು ಚರಂಡಿಗಿಳಿಯಲೇಬೇಕು. ಯಾವುದು ಇಳಿಯಬೇಕೆಂಬುದು ಅಡಿಕೆ ದರದ ಮೇಲೆ ತೀರ್ಮಾನವಾಗಬಹುದು.

ಶಿರಸಿಯಲ್ಲಿ ರಸ್ತೆ ತುಂಬ ಸಾಗುವ ಹಕ್ಕುಳ್ಳ ವಾಹನವೆಂದರೆ ನನ್ನ ಪ್ರಕಾರ ಮಾರಿಕಾಂಬೆಯ ರಥವೊಂದೇ. ಆಕೆಯೂ ಎರಡು ವರ್ಷಕ್ಕೊಮ್ಮೆ ಮಾತ್ರ ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಹೊರಡುತ್ತಾಳೆ, ಸಾವಿರಾರು ಜನ ಎಳೆದಷ್ಟೇ ವೇಗದಲ್ಲಿ ಸಾಗುತ್ತಾಳೆ, ಹಾರ್ನ್ ಹಾಕುವುದಿಲ್ಲ. ಅಳಿಯನಿಗೆ ಪ್ರತಿ ಶನಿವಾರವೂ ರಥೋತ್ಸವವೇ ಆಗಬೇಕಾಗಿದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ. ನಿಯಮ ಸರಿಯಾಗಿಯೇ ಇದೆ, ನಾನು ಅಳಿಯನ ಪರ ವಕಾಲತ್ತು ವಹಿಸುತ್ತಿಲ್ಲ. ಆದರೆ ನಾಲ್ಕು ಇಂಚಿನ ಫೈಬರಿಗೆ ಇಷ್ಟು ಕಟ್ಟುನಿಟ್ಟಾಗಿರುವ ವ್ಯವಸ್ಥೆ ಹೆದ್ದಾರಿಗಾಗಿ ಗುಡ್ಡಗಳನ್ನು ಗೋಡೆಯಂತೆ ನೆಟ್ಟಗೆ ಕಡಿಯುವಾಗ ಯಾವ ಕಲಮನ್ನು ಓದುತ್ತಿತ್ತು? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನರು ಸತ್ತರು, ಲಾರಿಗಳು ಗಂಗಾವಳಿ ನದಿಯ ಪಾಲಾದವು. ಮೂರು ವಾರ ಕಳೆದ ಬೆನ್ನಿಗೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ನಡುರಾತ್ರಿ ಕುಸಿಯಿತು. ಇದರಲ್ಲಿ ತಮಾಷೆ ಮಾಡುವಂಥದ್ದೇನೂ ಇಲ್ಲ. ಪ್ರತಿ ಮಳೆಗಾಲದಲ್ಲಿ ಗುಡ್ಡದ ಕಡೆ ಒಂದು ಕಣ್ಣಿಟ್ಟುಕೊಂಡೇ ಬಸ್ಸಿನಲ್ಲಿ ಕೂರುವುದು ನಮಗೆ ಸಾಕಾಗಿದೆ.

ಬೇಡವೆಂದು ಅಳಿಯನಿಗೆ ಹೇಳಿದೆ. ದಂಡದ ಮಾತಿಗೂ, ವಿಮೆಯವರು ಪರಿಹಾರ ನಿರಾಕರಿಸಬಹುದೆಂಬ ಮಾತಿಗೂ ಅವನು ಜಗ್ಗಲಿಲ್ಲ. ಕೊನೆಗೆ ಟೇಪು ಹಿಡಿದು ಮನೆಯ ಗೇಟನ್ನು, ಅಂದರೆ ನಮ್ಮ ಕಡೆಯ ದಣಪೆಯನ್ನು, ಅಳೆಯುವಂತೆ ಹೇಳಿದೆ. ಅಳೆದ, ಕಿಟ್ ಹಾಕಿದ ಕಾರು ಅದರೊಳಗೆ ನುಸುಳುವುದಿಲ್ಲ. ನಿನ್ನೆ ಭಾವ ಫೋನು ಮಾಡಿದ್ದರು: ದಣಪೆಯ ಕಲ್ಲುಕಂಬ ಕೀಳಲು ಜೆಸಿಬಿ ಬಂದಿದೆಯಂತೆ.