ಎಪ್ಕಾಟ್ ಮೀನುಮನೆಯ ವಯಸ್ಸು: ಒಂದು ಸ್ಪಷ್ಟನೆ

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಸೇರಿದ ಎಪ್ಕಾಟ್ ಉದ್ಯಾನದ ಬೃಹತ್ ಮೀನುಮನೆಯನ್ನು 2007ರಲ್ಲಿ ಕಟ್ಟಲಾಯಿತು, ಹಾಗಾಗಿ ಅದನ್ನು ಹಳೆಯದೆನ್ನಲಾಗದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಸುಮಾರು 57 ಲಕ್ಷ ಗ್ಯಾಲನ್ ನೀರು ಹಿಡಿಯುವ ಆ ತೊಟ್ಟಿ ‘ದಿ ಲಿವಿಂಗ್ ಸೀಸ್’ ಎಂಬ ಹೆಸರಿನಲ್ಲಿ 1986ರ ಜನವರಿಯಲ್ಲೇ ಸಾರ್ವಜನಿಕರಿಗೆ ತೆರೆದುಕೊಂಡಿತ್ತು. 2007ರ ಹೊತ್ತಿಗೆ ಬದಲಾದದ್ದು ಹೆಸರು, ಸವಾರಿ ಮತ್ತು ‘ಫೈಂಡಿಂಗ್ ನೀಮೋ’ ಎಂಬ ಅನಿಮೇಷನ್ ಚಿತ್ರದ ಪಾತ್ರಗಳ ಸುತ್ತ ಹೆಣೆದ ನಿರೂಪಣೆ ಮಾತ್ರ. ಸಮುದ್ರದಾಳಕ್ಕೆ ಇಳಿದಂತೆ ಭಾಸವಾಗಲೆಂದು ಗುಳ್ಳೆಗಳನ್ನು ಮೇಲೇರಿಸಿ, ನೆಲವನ್ನು ನಡುಗಿಸಿ, ಪ್ರೇಕ್ಷಕರಿದ್ದ ಲಿಫ್ಟ್‌ನಂಥ ಕೊಠಡಿಯನ್ನು ಬಹುಪಾಲು ನಿಂತಲ್ಲೇ ನಿಲ್ಲಿಸುತ್ತಿದ್ದ ‘ಹೈಡ್ರೊಲೇಟರ್’ ಎಂಬ ಸೊಗಸಾದ ಕಣ್ಕಟ್ಟು ಆ ಬದಲಾವಣೆಯಲ್ಲಿ ಮರೆಯಾಯಿತು. ಪಾತ್ರಗಳನ್ನು ಬದಲಿಸುವುದು ಸುಲಭ; ಉಪ್ಪುನೀರಿಗೆ ಸದಾ ಒಡ್ಡಿಕೊಂಡಿರುವ ಪಂಪು, ಕೊಳವೆ, ಶೋಧಕಗಳನ್ನು ಜಲಚರಗಳು ಒಳಗಿರುವಾಗಲೇ ದುರಸ್ತಿ ಮಾಡುವುದು ಬೇರೆಯೇ ಕೆಲಸ.