ನಿಧಾನ ನಡೆಯುವವರನ್ನು ಮುಂದೆ ಬಿಡಿ

ತುಂಬಾ ದಿನದಿಂದ ಇದನ್ನು ಬರೀಬೇಕು ಅಂದುಕೊಂಡಿದ್ದೆ. ಶನಿವಾರ ಭಾನುವಾರ ಗೆಳೆಯರ ಜೊತೆ ಬೆಟ್ಟ ಹತ್ತುವ ಎಲ್ಲರಿಗೂ ನನ್ನದೊಂದು ಮಾತು. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರನ್ನು ಮುಂದೆ ಬಿಡಿ. ಗಟ್ಟಿ ಕಾಲಿನವರು, ದಾರಿ ಗೊತ್ತಿರುವವರು ಹಿಂದೆ ಬನ್ನಿ.

ಈಗ ನಡೆಯುತ್ತಿರುವುದು ಇದರ ಉಲ್ಟಾ. ದಿನಾ ಓಡುವವರು, ಜಿಮ್ ಮಾಡುವವರು ಸರಸರ ಅಂತ ಹತ್ತಿಬಿಡುತ್ತಾರೆ. ಮೇಲೆ ಎಲ್ಲೋ ಒಂದು ಬಂಡೆ ನೋಡಿ ಕೂರುತ್ತಾರೆ. ನೀರು ಕುಡಿದು, ಕಡಲೆಮಿಠಾಯಿ ತಿಂದು, ಫೋಟೋ ತೆಗೆದುಕೊಂಡು ಚೆನ್ನಾಗಿ ಸುಧಾರಿಸಿಕೊಳ್ಳುತ್ತಾರೆ. ಹಿಂದಿದ್ದವರು ಏದುಸಿರು ಬಿಡುತ್ತಾ ಬಂದು ಇನ್ನೂ ಬ್ಯಾಗ್ ಇಳಿಸಿರುವುದಿಲ್ಲ, ಅಷ್ಟರಲ್ಲಿ "ಬಂದ್ರಾ? ಸರಿ, ಹೊರಡೋಣ" ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ. ವಿಶ್ರಾಂತಿ ಬೇಡದವರಿಗೆ ಅರ್ಧ ಗಂಟೆ ಸಿಕ್ಕಿತು. ಬೇಕಾಗಿದ್ದವರಿಗೆ ಅರ್ಧ ನಿಮಿಷವೂ ಸಿಗಲಿಲ್ಲ. ದಿನವಿಡೀ ಇದೇ ಕಥೆ. ಮಧ್ಯಾಹ್ನದ ಹೊತ್ತಿಗೆ ಆ ಒಬ್ಬರು ಮಾತೇ ಆಡುವುದಿಲ್ಲ, ಮುಂದಿನ ಸಲ ಕರೆದರೆ "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂತಾರೆ. ನಾವು ಅದನ್ನು ಅವರಿಗೆ ಟ್ರೆಕ್ಕಿಂಗ್ ಇಷ್ಟ ಇಲ್ಲ ಅಂತ ತಿಳಿದುಕೊಳ್ಳುತ್ತೇವೆ. ಅವರಿಗೆ ಇಷ್ಟ ಇಲ್ಲದ್ದು ಬೆಟ್ಟವಲ್ಲ, ನಾವು ಹತ್ತಿಸಿದ ರೀತಿ.

ನನಗೆ ಇದು ಸರಿಯಾಗಿ ಕಣ್ಣಿಗೆ ಬಿದ್ದದ್ದು ಕುದುರೆಮುಖದಲ್ಲಿ. ಮಳೆಗಾಲ ಮುಗಿದ ಮೇಲೆ ಹೋಗಿದ್ದೆವು. ಜೀಪಿನಲ್ಲಿ ಆ ಕಲ್ಲುಹಾದಿ ಹತ್ತಿ ಮುಳ್ಳೋಡಿ ತಲುಪುವ ಹೊತ್ತಿಗೇ ಮೈಯೆಲ್ಲಾ ಕುಲುಕಾಡಿ ಹೋಗಿತ್ತು. ಅಲ್ಲಿಂದ ಶಿಖರಕ್ಕೆ ಹೋಗಿ ಬರುವುದಕ್ಕೆ 20 ಕಿಲೋಮೀಟರ್ ಮೇಲೆಯೇ ಆಗುತ್ತದೆ. ಶಿಖರದ ಎತ್ತರ 1,894 ಮೀಟರ್. ಅರಣ್ಯ ಇಲಾಖೆಯ ಅನುಮತಿ ಬೇಕು, ಗೈಡ್ ಜೊತೆಗಿರಬೇಕು, ಕತ್ತಲಾಗುವ ಮೊದಲು ಕೆಳಗೆ ಬಂದಿರಬೇಕು, ಮೇಲೆ ಟೆಂಟ್ ಹಾಕುವ ಹಾಗಿಲ್ಲ. ಅಂದರೆ ಸಮಯ ಲೆಕ್ಕ ಹಾಕಿ ನಡೆಯಬೇಕಾದ ಬೆಟ್ಟ ಅದು.

ಮೊದಲ ಹಳ್ಳ ದಾಟುವಷ್ಟರಲ್ಲೇ ನಮ್ಮ ಗುಂಪು ಮೂರು ಚೂರಾಗಿತ್ತು. ಗೆಳತಿಯೊಬ್ಬಳು ಹಿಂದೆ ಉಳಿದಿದ್ದಳು. ಬರೀ ಸುಸ್ತಲ್ಲ, ರಕ್ತ ಹೀರುವ ಉಂಬಳದ (ಜಿಗಣೆ) ಕಾಟ ಬೇರೆ. ಶೂ ಬಿಚ್ಚುವುದು, ಸಾಕ್ಸ್ ಒಳಗೆ ಸೇರಿಕೊಂಡಿದ್ದನ್ನು ಉಪ್ಪು ಹಾಕಿ ಉದುರಿಸುವುದು, ಮತ್ತೆ ಲೇಸ್ ಕಟ್ಟುವುದು, ಅಷ್ಟರಲ್ಲಿ ಇನ್ನೊಂದು. ನಮ್ಮ ಜೊತೆ ಬಂದಿದ್ದ ಗೈಡ್ ಅದೇ ಊರಿನವರು, ವಯಸ್ಸು ಐವತ್ತು ದಾಟಿರಬಹುದು. ಅವರು ಮುಂದೆ ಹೋದವರನ್ನೆಲ್ಲ ಕೂಗಿ ನಿಲ್ಲಿಸಿದರು. ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಅವಳನ್ನು ನೋಡಿ "ಅಕ್ಕ, ನೀವು ನನ್ನ ಹಿಂದೆನೇ ಬನ್ನಿ. ಉಳಿದವರೆಲ್ಲ ಅಕ್ಕನ ಹಿಂದೆ. ಯಾರೂ ಅಕ್ಕನ್ನ ದಾಟಬಾರದು" ಅಂದರು. ಅಷ್ಟೇ.

ಮೊದಲು ಸ್ವಲ್ಪ ದೂರ ಎಲ್ಲರಿಗೂ ಕಿರಿಕಿರಿ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೋಡಿದರೆ ನಿಲ್ಲುವುದೇ ಕಡಿಮೆಯಾಗಿತ್ತು. ಯಾರೂ ಓಡದಿದ್ದರೆ ಯಾರಿಗೂ ಕಾಯಬೇಕಿಲ್ಲ, ಅಲ್ವಾ? ಅವಳ ಮುಖದಲ್ಲಿದ್ದ ಆ ಬಿಗಿ ಹೋಯಿತು. ಹಿಂದೆ ಉಳಿದೆ ಅನ್ನುವ ಗಾಬರಿಗೆ ಕಾಲನ್ನು ಬೇಗ ಬೇಗ ಎತ್ತಿ ಹಾಕುತ್ತಿದ್ದವಳು ತನ್ನದೇ ಒಂದು ಲಯಕ್ಕೆ ಬಂದಳು. ಮಾತಾಡುತ್ತಾ ಹತ್ತುವಷ್ಟು ಉಸಿರು ಬಂತು. ನಡೆಯುವಾಗ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಅಂತ ಲೆಕ್ಕ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ಜಾಸ್ತಿಯಾಗಿದೆ ಅಂತ ಅರ್ಥ. ಶಿಖರವನ್ನು ಎಲ್ಲರೂ ಒಟ್ಟಿಗೇ ಮುಟ್ಟಿದೆವು, ಗೈಡ್ ಹೇಳಿದ್ದ ಸಮಯಕ್ಕೆ ಸರಿಯಾಗಿ.

ಇದು ಬರೀ ಒಳ್ಳೆಯತನದ ಪ್ರಶ್ನೆ ಅಲ್ಲ, ಅಪಾಯದ ಪ್ರಶ್ನೆಯೂ ಹೌದು. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಮಂಜು ಹೇಳಿಕೇಳಿ ಬರುವುದಿಲ್ಲ. ಕರಾವಳಿ ಕಡೆಯಿಂದ ಮೋಡ ಎದ್ದು ಬಂತು ಅಂದರೆ ಸ್ವಲ್ಪ ಹೊತ್ತಿನಲ್ಲೇ ಹತ್ತು ಹೆಜ್ಜೆ ಮುಂದಿರುವವರು ಕಾಣುವುದಿಲ್ಲ. ಹುಲ್ಲುಗಾವಲಿನಲ್ಲಿ ಕಾಲುದಾರಿ ಕವಲೊಡೆದಿರುತ್ತದೆ, ದನ ಹೋದ ದಾರಿ ಯಾವುದು, ಜನ ಹೋದ ದಾರಿ ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಇಂಥ ಜಾಗದಲ್ಲಿ ಒಬ್ಬರೇ ಹಿಂದೆ ಉಳಿಯುವವರು ಯಾರು ಹೇಳಿ? ಸುಸ್ತಾದವರು, ದಾರಿ ಗೊತ್ತಿಲ್ಲದವರು, ನೀರು ಮುಗಿಸಿಕೊಂಡವರು, ಕಾಲು ಉಳುಕಿದವರು. ಅಂದರೆ ಯಾರು ಒಬ್ಬರೇ ಇರಬಾರದೋ ಅವರೇ ಒಬ್ಬರಾಗುತ್ತಾರೆ. ಗುಂಪಿನ ಕೊನೆಯಲ್ಲಿ ಬಲವಾದವರೊಬ್ಬರು, ಫಸ್ಟ್ ಏಡ್ ಡಬ್ಬಿ ಮತ್ತು ಟಾರ್ಚ್ ಇಟ್ಟುಕೊಂಡವರು, ನಡೆಯುತ್ತಿದ್ದರೆ ಅವರನ್ನು ದಾಟಿ ಯಾರೂ ಹಿಂದೆ ಉಳಿಯಲು ಆಗುವುದಿಲ್ಲ.

ಇನ್ನೊಂದು ವಿಷಯ ಇದೆ, ನನಗೆ ಅದು ಅಷ್ಟೇ ಮುಖ್ಯ. ಆ ಬೆಟ್ಟಗಳ ಮೈ ನೋಡಿದ್ದೀರಲ್ಲ? ಕಣಿವೆಯ ಮಡಿಲಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು, ಮೇಲೆ ಏಣಿನ ಉದ್ದಕ್ಕೂ ಹುಲ್ಲು. ಮಳೆ ನೀರನ್ನು ಈ ಹುಲ್ಲು ಮತ್ತು ಕಾಡು ಸ್ಪಂಜಿನ ಹಾಗೆ ಹೀರಿಕೊಂಡು ಬೇಸಿಗೆಯವರೆಗೂ ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಒಬ್ಬರ ಹಿಂದೆ ಒಬ್ಬರು ನಡೆದರೆ ಕಾಲುದಾರಿ ಒಂದು ಅಡಿ ಅಗಲ ಸಾಕು. ನಿಧಾನ ಹೋಗುವವರನ್ನು ದಾಟಲು ಹೊರಟರೆ ಪ್ರತಿಯೊಬ್ಬರೂ ಹುಲ್ಲಿನ ಮೇಲೆ ಕಾಲಿಡುತ್ತಾರೆ. ತಿರುವಿನಲ್ಲಿ ಅಡ್ಡದಾರಿ ಹಿಡಿಯುತ್ತಾರೆ. ಹುಲ್ಲು ಸಾಯುತ್ತದೆ, ಮಣ್ಣು ಬರಿದಾಗುತ್ತದೆ, ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಬೀಳುತ್ತದೆ. ಕೊರಕಲಿನಲ್ಲಿ ಕಾಲು ಜಾರುತ್ತದೆ ಅಂತ ಆಮೇಲೆ ಬಂದವರು ಪಕ್ಕದ ಹುಲ್ಲಿನಲ್ಲಿ ನಡೆಯುತ್ತಾರೆ, ಅಲ್ಲೊಂದು ಹೊಸ ಕೊರಕಲು. ಜಾಸ್ತಿ ಜನ ಹೋಗುವ ಯಾವ ಬೆಟ್ಟದ ದಾರಿ ಬೇಕಾದರೂ ನೋಡಿ, ಅಕ್ಕಪಕ್ಕದಲ್ಲಿ ಮೂರು ನಾಲ್ಕು ಕೆಂಪು ಗೀರು ಕಾಣುತ್ತವೆ.

ಕುಮಾರ ಪರ್ವತದ ಆ ವಿಡಿಯೋ ನೆನಪಿದೆಯಾ? 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಬೆಟ್ಟದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ. ಅದಾದ ಮೇಲೆ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್ ತಂದು ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಟಿಕೆಟ್ ಸಿಗಲಿಲ್ಲ ಅಂತ ಗೊಣಗುವವರು ಬಹಳ. ನಾನಂತೂ ಆ ಮಿತಿಯ ಪರ. ಆದರೆ 300 ಜನರಲ್ಲೂ ಎಲ್ಲರೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಟು, ಒಬ್ಬರನ್ನೊಬ್ಬರು ದಾಟಲು ನೋಡಿದರೆ ಬೆಟ್ಟಕ್ಕೆ ಆಗುವ ಗಾಯ ಕಡಿಮೆ ಏನೂ ಆಗುವುದಿಲ್ಲ. ಎಷ್ಟು ಜನ ಅನ್ನುವುದನ್ನು ಇಲಾಖೆ ನೋಡಿಕೊಳ್ಳುತ್ತದೆ, ಹೇಗೆ ನಡೆಯುವುದು ಅನ್ನುವುದು ನಮ್ಮ ಕೈಯಲ್ಲೇ ಇದೆ.

ಅವಸರ ಶುರುವಾಗುವುದು ಬೆಟ್ಟದಲ್ಲಲ್ಲ, ಶುಕ್ರವಾರ ರಾತ್ರಿ ಬಸ್ಸಿನಲ್ಲಿ. ಬೆಂಗಳೂರಿನಿಂದ ಹತ್ತು ಹನ್ನೊಂದು ಗಂಟೆಗೆ ಹೊರಟು, ಘಾಟಿ ರಸ್ತೆಯಲ್ಲಿ ಓಲಾಡುತ್ತಾ, ಸ್ಪೀಕರ್ ಹಾಡಿಗೆ ಕುಣಿದು, ಒಂದು ನಿಮಿಷ ನಿದ್ದೆ ಇಲ್ಲದೆ ಬೆಳಗಿನ ಜಾವ ಹೋಮ್‌ಸ್ಟೇ ತಲುಪುವುದು. ಮುಖ ತೊಳೆದು, ಎರಡು ಇಡ್ಲಿ ತಿಂದು, ಹತ್ತಲು ಶುರು. ಒಮ್ಮೆ ಇಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋಗಿದ್ದೆವು. ಐವತ್ತು ಜನಕ್ಕೆ ಇಬ್ಬರು ಹುಡುಗರು ಲೀಡರ್‌ಗಳು, ಇಬ್ಬರೂ ಮುಂದೆ! ಕೊನೆಯಲ್ಲಿ ಯಾರಿದ್ದಾರೆ ಅಂತ ನೋಡುವವರು ಯಾರೂ ಇಲ್ಲ. ಮಂಡಿ ಹಿಡಿದುಕೊಂಡು ಕೂತಿದ್ದ ಒಬ್ಬ ಹುಡುಗನನ್ನು ಬೇರೆ ಗುಂಪಿನವರು ಕೈಹಿಡಿದು ಇಳಿಸಿಕೊಂಡು ಬಂದರು. ದುಡ್ಡು ತೆಗೆದುಕೊಂಡು ಕರೆದೊಯ್ಯುವವರನ್ನು ಬುಕ್ ಮಾಡುವ ಮೊದಲೇ ಕೇಳಿ: ಹಿಂದೆ ಯಾರು ಬರುತ್ತಾರೆ? ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಸಾಧ್ಯವಿದ್ದರೆ ಶನಿವಾರ ಬೆಳಿಗ್ಗೆ ಹೊರಡಿ, ರಾತ್ರಿ ಕೆಳಗಿನ ಊರಲ್ಲಿ ಊಟ ಮಾಡಿ ಚೆನ್ನಾಗಿ ಮಲಗಿ, ಭಾನುವಾರ ಬೇಗ ಹತ್ತಿ, ಸೋಮವಾರಕ್ಕೆ ಒಂದು ರಜೆ ಹಾಕಿ. ರಜೆ ಇಲ್ಲದಿದ್ದರೆ ಸಣ್ಣ ಬೆಟ್ಟ ಆರಿಸಿಕೊಳ್ಳಿ. ಮೊದಲ ಸಲ ಬರುವ ಗೆಳೆಯರನ್ನು ಸೀದಾ ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಎಳೆದುಕೊಂಡು ಹೋಗುವುದನ್ನಂತೂ ದಯವಿಟ್ಟು ನಿಲ್ಲಿಸಿ. ಆ ಬೆಟ್ಟದ ಎತ್ತರ 1,712 ಮೀಟರ್, ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರಬೇಕು. ಕೊಡಗಿನ ತಡಿಯಂಡಮೋಳ್ ಅದಕ್ಕಿಂತ ಎತ್ತರವೇ, 1,748 ಮೀಟರ್, ಆದರೆ ನಡಿಗೆ ಶುರುವಾಗುವುದೇ ಎಷ್ಟೋ ಮೇಲಿನಿಂದ. ಶಿಖರದ ಎತ್ತರ ಎಷ್ಟು ಅಂತ ನೋಡಿದರೆ ಸಾಲದು, ಎಲ್ಲಿಂದ ಹತ್ತುತ್ತೀರಿ ಅಂತ ನೋಡಬೇಕು.

ಇಳಿಯುವಾಗ ಈ ಸಾಲಿನ ಬೆಲೆ ಇನ್ನೂ ಜಾಸ್ತಿ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಮತ್ತು ಮಂಡಿ ಸೋಲುತ್ತವೆ. ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತೊಡೆ ತಡೆದು ನಿಲ್ಲಿಸಬೇಕು, ದಣಿದ ಕಾಲು ನಡುಗುತ್ತದೆ, ಸಣ್ಣ ಜಲ್ಲಿಕಲ್ಲಿನ ಮೇಲೆ ಜಾರುವುದು ಆಗಲೇ. ಮುಂದಿನವರು ಧಡಧಡ ಓಡಿಬಿಟ್ಟರೆ ಹಿಂದಿನವರೂ ಓಡುತ್ತಾರೆ. ಹೊರಡುವ ಮುಂಚೆ ಶೂ ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿಕೊಳ್ಳಲು ಹೇಳಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಆಮೇಲೆ ಅದೇ ಸಾಲು, ಅದೇ ನಿಯಮ.

ಬೇಗ ನಡೆಯುವವರಿಗೆ ಬೇಜಾರಾಗುತ್ತದೆ ಅಂತ ನನ್ನ ಇಬ್ಬರು ಗೆಳೆಯರು ಈಗಲೂ ವಾದ ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಇದು: ನಿನ್ನ ಕಾಲಿಗೆ ಕೆಲಸ ಬೇಕಾ, ಅವಳ ನೀರಿನ ಬಾಟಲ್ ನಿನ್ನ ಬ್ಯಾಗಿಗೆ ಹಾಕಿಕೋ. ಟೈಮಿಂಗ್ ನೋಡಬೇಕಾ, ಇನ್ನೊಂದು ವಾರ ಒಬ್ಬನೇ ಬಾ, ಯಾರೂ ಬೇಡ ಅನ್ನಲ್ಲ. ಗೆಳೆಯರ ಜೊತೆ ಬಂದ ದಿನ ಗೆಳೆಯರ ಜೊತೆ ನಡಿ. ಇನ್ನು "ಹೀಗೆ ಹೋದರೆ ತುದಿ ಮುಟ್ಟಲು ಆಗಲ್ಲ" ಅನ್ನುವ ಮಾತು. ಆಗದಿದ್ದರೆ ವಾಪಸ್ ಬರೋದು. ಕೆಳಗೇ ಮಾತಾಡಿಕೊಂಡಿರಿ, ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಅಂತ. ಒಪ್ಪಿಕೊಂಡ ಮೇಲೆ ಆ ಗಂಟೆಯಾದಾಗ ನಿಧಾನ ನಡೆದವರ ಮುಖ ಯಾರೂ ನೋಡಬೇಡಿ, ಗಡಿಯಾರ ನೋಡಿ ತಿರುಗಿ.