ನಡಿಯಾಕ ದಾರಿ ಕೇಳಿದ್ರ ಕಾಂಪೌಂಡ್ ಕಟ್ಟಾಕ ಹೊಂಟಾರ

ಇವತ್ತು ಬರೀಲಿಲ್ಲ ಅಂದ್ರ ನನಗ ನಿದ್ದಿ ಬರಂಗಿಲ್ಲ, ಅದಕ್ಕ ಬರೀತೀನಿ. ಉದ್ದ ಆಗ್ತೈತಿ, ಆದ್ರೂ ಪೂರ್ತಿ ಓದ್ರಿ. ಮುಂಜಾನಿ ಐದೂವರಿಗೆ ಮಗಳನ್ನ ಕರಕೊಂಡು ಕೆರಿ ಬಯಲಿಗೆ ಹೋದ್ರ ಅಲ್ಲಿ ಸುಣ್ಣದ ಪುಡಿ ಹಾಕಿ ಗೆರಿ ಹೊಡದಾರ. ಅಕಿ ಲಾಂಗ್ ಜಂಪ್ ಪ್ರಾಕ್ಟೀಸ್ ಮಾಡ್ಲಿ ಅಂತ ನಾವೇ ರೊಕ್ಕ ಕೂಡಿಸಿ ಉಸುಕು ತಂದು ಹಾಕಿದ ಗುಂಡಿ ಐತಲ್ಲ, ಅದರ ನಟ್ಟನಡುವ ಹಾದು ಹೋಗೈತಿ ಆ ಗೆರಿ, ಅಲ್ಲೇ ಒಂದು ಕಬ್ಬಿಣದ ಗೂಟ ಬ್ಯಾರೆ ಬಡದಾರ. ಏನಪ್ಪಾ ಇದು ಅಂತ ಕೇಳಿದ್ರ "ಪುರಸಭೆ ಪಾರ್ಕಿನ ಕಾಂಪೌಂಡ್ ಇಲ್ಲೇ ಬರ್ತೈತ್ರಿ ಅಕ್ಕಾರ" ಅಂದ ಕೂಲಿ ಹುಡುಗ. ಪಾಪ ಅವನೇನು ಮಾಡ್ಯಾನು, ಹೇಳಿದ ಕೆಲಸ ಮಾಡಾಕ ಬಂದಾನ.

ನಮ್ಮದು ಕೊಪ್ಪಳ ಜಿಲ್ಲೆದಾಗ ಒಂದು ಸಣ್ಣ ಊರು, ಪುರಸಭೆ ಐತಿ. ಊರ ಹೆಸರು ಬರಿಯಂಗಿಲ್ಲ, ನಮ್ಮೂರ ಮಂದಿಗೆ ಹೆಂಗೂ ಗೊತ್ತಾಗ್ತೈತಿ. ಊರ ಹೊರಗ ಹಳೇ ಕೆರಿ, ಎರಡು ಮೂರು ವರ್ಷಕ್ಕೊಮ್ಮೆ ತುಂಬಿದ್ರ ಪುಣ್ಯ. ಏರಿ ಮ್ಯಾಲೆ ಒಂದು ದಾರಿ ಐತಿ, ಅದು ಯಾರೂ ಟೆಂಡರ್ ಕರದು ಮಾಡಿಸಿದ್ದಲ್ಲ, ಹೊಲಕ್ಕ ಹೋಗೋ ಹೆಣಮಕ್ಕಳು, ಶನಿವಾರ ಹನುಮಪ್ಪನ ಗುಡಿಗೆ ಹೋಗೋರು, ದನ ಹೊಡಕೊಂಡು ಹೋಗೋರು ತುಳದು ತುಳದು ಆದ ದಾರಿ. ಏರಿ ಕೆಳಗ ಸರ್ಕಾರದ್ದು ನಾಕು ಎಕರೆ ಬಯಲು. ಹುಡುಗ್ರು ಕ್ರಿಕೆಟ್ ಆಡ್ತಾರ, ಸಂಜಿಮುಂದ ಮುದುಕ್ರು ಬೇವಿನ ಗಿಡದ ಬುಡಕ್ಕ ಕುಂದರ್ತಾರ. ಇಡೀ ಊರಿಗೆ ಕಾಲು ಚಾಚಾಕ ಇರೋ ಜಾಗ ಇದೊಂದ.

ಬ್ಯಾರೆ ಎಲ್ಲಿ ನಡೀಬೇಕು ಹೇಳ್ರಿ. ಊರಾಗಿನ ರಸ್ತೆದಾಗ ಗಟಾರ ತೆರದು ಬಿಟ್ಟಾರ. ಉಳಿದಿದ್ದು ಹೈವೇ. ನನಗ ಶುಗರ್ ಬಂದು ಆರು ವರ್ಷ ಆತು, ಡಾಕ್ಟರ್ ದಿನಾ ನಡೀರಿ ಅಂದಾಗ ಮೊದಲು ಹೈವೇ ಮ್ಯಾಗ ಹೋಗ್ತಿದ್ದೆ. ನಸುಕಿನ್ಯಾಗ ಟಿಪ್ಪರ್ ಮೈ ಸವರಿಕೊಂಡು ಹೋಗ್ತಾವ, ಸೆರಗು ಗಾಳಿಗೆ ಹಾರಿ ಹೋಗ್ತೈತಿ, ಎದಿ ಝಲ್ ಅಂತೈತಿ. ಒಂದಿನ ನಮ್ಮ ಜೋಡಿ ಬರೋ ಅಕ್ಕಗ ಬೈಕಿನವ ಹಿಂದಿಂದ ಹೊಡದು ಕಾಲು ಮುರೀತು. ಅವತ್ತಿಂದ ನಾವು ಏಳೆಂಟು ಮಂದಿ ಏರಿ ಮ್ಯಾಗ ಹೋಗಾಕ ಶುರು ಮಾಡಿದ್ವಿ.

ಈಗ ಮಗಳ ವಿಷಯ. ಅಕಿ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಿ ನಡಸ್ಯಾಳ. ಹೆಣಮಕ್ಕಳು 400 ಮೀಟರ್ 2 ನಿಮಿಷದಾಗ ಓಡಬೇಕು, ಗಂಡ್ಮಕ್ಕಳು 1600 ಮೀಟರ್ ಆರೂವರಿ ನಿಮಿಷದಾಗ. ಆಮ್ಯಾಲೆ ಜಂಪು, ಗುಂಡು ಎಸೆಯೋದು. ಬಯಲಿನ್ಯಾಗ ಹುಡುಗ್ರು ಟೇಪ್ ಹಿಡದು ಅಳತಿ ಮಾಡಿ, ಕಲ್ಲಿಟ್ಟು, ತಾವ ಒಂದು ರೌಂಡ್ ಟ್ರ್ಯಾಕ್ ಮಾಡಿಕೊಂಡಾರ. ಮುಂಜಾನಿ ಇಪ್ಪತ್ತು ಮೂವತ್ತು ಮಂದಿ ಓಡ್ತಾರ, ಅದರಾಗ ಎಂಟು ಹುಡುಗ್ಯಾರು. ಎಂಟು ಹುಡುಗ್ಯಾರು ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ನಮ್ಮಂಥ ಊರಾಗ ಬಯಲಿನ್ಯಾಗ ಓಡ್ತಾರ ಅಂದ್ರ ಅದು ಸಣ್ಣ ಮಾತಲ್ಲ. ಅವರ ಅವ್ವಂದ್ರು ಜೋಡಿ ಬಂದು ಏರಿ ಮ್ಯಾಲೆ ನಡೀತಿರ್ತೀವಿ, ಕಣ್ಣು ಕೆಳಗ ಮಕ್ಕಳ ಮ್ಯಾಲೆ ಇರ್ತಾವ, ಅದಕ್ಕ ಮನ್ಯಾಗ ಗಂಡಸ್ರು ಸುಮ್ಮನ ಕಳಸ್ತಾರ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕ 371ಜೆ ಕಲಂ ಬಂತು, 2012ರಾಗ ಸಂವಿಧಾನಕ್ಕ ತಿದ್ದುಪಡಿ ಮಾಡಿಸಿಕೊಂಡ್ವಿ, ನೌಕರಿದಾಗ ನಮ್ಮ ಮಕ್ಕಳಿಗೆ ಬ್ಯಾರೆ ಮೀಸಲಾತಿ ಸಿಕ್ತು. ಎಲ್ಲಾ ಸರಿ. ಆದ್ರ ಆ ನೌಕರಿ ಹಿಡಿಯಾಕ 400 ಮೀಟರ್ ಓಡೋ ನೆಲಾನ ಕಸಗೊಂಡ್ರ ಆ ಮೀಸಲಾತಿ ಸರ್ಟಿಫಿಕೇಟ್ ತಗೊಂಡು ನನ್ನ ಮಗಳು ಏನು ಮಾಡಬೇಕು?

ಪುರಸಭೆಯವರು ಪಾರ್ಕ್ ಮಾಡ್ತಾರ, ವಾಕಿಂಗ್ ಪಾತ್ ಮಾಡ್ತಾರ ಅಂತ ಹೋದ ದೀಪಾವಳಿ ಮುಂದ ಸುದ್ದಿ ಬಂದಾಗ ಖರೇವಂದ್ರ ಎಲ್ಲಾರಿಗಿಂತ ಜಾಸ್ತಿ ಖುಷಿ ಪಟ್ಟಾಕಿ ನಾನ. ಲೈಟ್ ಬರ್ತಾವ, ಕುಂದರಾಕ ಕಟ್ಟಿ ಬರ್ತೈತಿ, ಹೆಣಮಕ್ಕಳಿಗೆ ಒಂದು ಪಾಯಖಾನಿ ಬರ್ತೈತಿ ಅಂತ ಮಂದಿ ಮುಂದ ಹೇಳಿಕೊಂಡು ಅಡ್ಡಾಡಿದೆ. ಆಮ್ಯಾಲೆ ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಹಾಕಿದ್ರು. ಅದರ ಮ್ಯಾಲೆ ಕಾರಂಜಿ ಐತಿ, ದೊಡ್ಡ ಕಮಾನ್ ಐತಿ, ಯಾವುದೋ ಪರದೇಶದ ಪಾರ್ಕಿಂದು ಫೋಟೋ ಹಾಕ್ಯಾರ, ಬಿಳಿ ಮಂದಿ ನಾಯಿ ಹಿಡಕೊಂಡು ನಡಿಯಾಕತ್ತಾರ. ನಮ್ಮ ಟ್ರ್ಯಾಕ್ ಎಲ್ಲಿ ಐತಿ? ಬೇವಿನ ಗಿಡ ಎಲ್ಲಿ ಅದಾವ?

ನಕ್ಷಾ ನೋಡಬೇಕು ಅಂತ ಆಫೀಸಿಗೆ ಹೋದೆ. ಜೆಇ (ಜೂನಿಯರ್ ಇಂಜಿನಿಯರ್) ಸಾಹೇಬ್ರು ಸೈಟ್ ಮ್ಯಾಗ ಅದಾರ ಅಂದ್ರು. ಎರಡನೇ ಸಲ ಹೋದ್ರ ಮೀಟಿಂಗ್‌ದಾಗ ಅದಾರ. ಮೂರನೇ ಸಲ ಸಿಕ್ರು, ಫೋನ್‌ನ್ಯಾಗಿಂದ ತಲಿ ಎತ್ತಲಿಲ್ಲ, "ಅಕ್ಕಾರ ನಿಮಗ ಪಾರ್ಕ್ ಬ್ಯಾಡೇನ್ರಿ?" ಅಂದ್ರು. ನನಗ ಪಾರ್ಕ್ ಬ್ಯಾಡ ಅಂತ ಯಾರು ಹೇಳಿದ್ರು ಸಾಹೇಬ್ರ? ನಕ್ಷಾ ತೋರಸ್ರಿ ಅಂತ ಕೇಳಿದ್ರ ಪಾರ್ಕ್ ಬ್ಯಾಡ ಅಂದಂಗ ಆಗ್ತೈತೇನು? ಅಂಗಡಿ ಬಾಗಲಾ ಹಾಕಿ ಮೂರು ದಿನದ ಹೊಲಿಗಿ ಕೆಲಸ ಬಿಟ್ಟು ಬಂದಾಕಿ ನಾನು, ನನ್ನ ರೊಕ್ಕದಾಗ ನನ್ನ ಊರಾಗ ಏನು ಕಟ್ಟತೀರಿ ಅಂತ ತಿಳಕೊಳ್ಳಾಕ ಬಂದೀನಿ.

ಕಡೀಕ ಮಾಹಿತಿ ಹಕ್ಕಿನಾಗ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿದೆ. 2005ರ ಕಾಯ್ದೆ, 30 ದಿನದಾಗ ಉತ್ತರ ಕೊಡಬೇಕು. 30 ದಿನ ಹೋತು, ಉತ್ತರ ಇಲ್ಲ. ಮೊದಲ ಮೇಲ್ಮನವಿ ಹಾಕಿದ ಮ್ಯಾಲೆ ಎಸ್ಟಿಮೇಟ್ ಪ್ರತಿ ಬಂತು, ನಕ್ಷಾ ಝೆರಾಕ್ಸ್ ಎಷ್ಟು ಮಸಿ ಹಿಡದಿತ್ತು ಅಂದ್ರ ಕೆರಿ ಯಾವುದು ಬಯಲು ಯಾವುದು ತಿಳಿಯಂಗಿಲ್ಲ. ಮಗಳು ಮತ್ತ ಅಕಿ ಗೆಳತ್ಯಾರು ರಾತ್ರಿ ಕುಂತು ಬಿಡಿಸಿ ಓದಿದ್ರು. ಅರ್ಧಕ್ಕಿಂತ ಜಾಸ್ತಿ ರೊಕ್ಕ ಕಾಂಪೌಂಡು, ಗೇಟು, ಕಮಾನಿಗೆ. ಆಮ್ಯಾಲೆ ಕಾರಂಜಿ, ಊರ ಹೆಸರಿನ ಸೆಲ್ಫಿ ಪಾಯಿಂಟು. ರಸ್ತೆ ಕಡೆ ಮಗ್ಗಲಿಗೆ ಬಾಡಿಗಿ ಮಳಿಗಿ. ಉಳಿದ ಜಾಗದಾಗ ಪೇವರ್ಸ್, ಅಂದ್ರ ಸಿಮೆಂಟ್ ಕಲ್ಲು ಹಾಕಿ ಅಂಕುಡೊಂಕು ಪಾತ್, ಅದರ ಎರಡೂ ಕಡೆ ಪಾಮ್ ಗಿಡ. ಪಾಯಖಾನಿ ಇಲ್ಲ, ಕುಡಿಯೋ ನೀರಿನ ನಳ ಇಲ್ಲ. ಕಾರಂಜಿಗೆ ನೀರು ಎಲ್ಲಿಂದ ತರ್ತಾರೋ, ನಮ್ಮ ಮನಿ ನಳಕ್ಕ ವಾರಕ್ಕೊಮ್ಮೆ ನೀರು ಬರೋ ಊರಿದು!

ಪೇವರ್ಸ್ ಮ್ಯಾಲೆ ಓಡಿ ನೋಡ್ಯಾರೇನು ಇವರು? ಮಳಿಯಾಗ ಜಾರ್ತಾವ, ವರ್ಷದಾಗ ಎದ್ದು ಬರ್ತಾವ, ಎದ್ದ ಕಲ್ಲಿಗೆ ಕಾಲು ತಾಕಿ ಮುದುಕ್ರು ಬೀಳ್ತಾರ. ಮೊಣಕಾಲು ನೋವಿದ್ದೋರು ಮಣ್ಣಿನ ದಾರಿದಾಗ ಆರಾಮ ನಡೀತಾರ, ಗಟ್ಟಿ ಕಲ್ಲಿನ ಮ್ಯಾಲೆ ನಡೀರಿ ಅಂದ್ರ ಹೆಂಗ? ಅದರಾಗ ನಮ್ಮ ಬಿಸಲು. ಏಪ್ರಿಲ್ ಮೇ ಅಂದ್ರ 40 ಡಿಗ್ರಿ ದಾಟೋ ನಾಡಿದು, ಹಗಲೆಲ್ಲಾ ಕಾದ ಕಲ್ಲು ಸಂಜಿ ಏಳಕ್ಕೂ ಉರೀನ ಉಗುಳ್ತಿರ್ತೈತಿ. ಅದಕ್ಕ ಬೇಕಾಗಿದ್ದು ನೆರಳು. ಈಗ ಅಲ್ಲಿರೋ ಬೇವು, ಹೊಂಗಿ, ಒಂದು ಹಳೇ ಹುಣಸಿ, ಇವ್ಯಾವೂ ಎಸ್ಟಿಮೇಟಿನಾಗ ಇಲ್ಲ, ಗೆರಿ ಹೊಡದಿದ್ದು ನೋಡಿದ್ರ ಐದು ಬೇವಿನ ಗಿಡ ಕಡೀಬೇಕಾಗ್ತೈತಿ. ಬೇವು ಕಡದು ಪಾಮ್ ಹಚ್ಚೋರಿಗೆ ಏನನ್ನಬೇಕು. ಪಾಮ್ ಗಿಡದ ಬುಡಕ್ಕ ಯಾರು ಕುಂದರ್ತಾರ? ನಮ್ಮಜ್ಜಿ ಬೇವಿನ ಗಿಡಕ್ಕ ಕೈ ಮುಗದು ಮುಂದ ಹೋಗಾಕಿ, ಇವರು ಸುಣ್ಣದ ಗೆರಿ ಎಳದು ಮುಗಿಸಿಬಿಟ್ರು. ಇನ್ನೊಂದು, ಮಳಿ ಆದಾಗ ಬಡಾವಣೆ ಕಡಿಂದ ನೀರು ಬಯಲಿನ್ಯಾಗ ಹಾದು ಹಳ್ಳಕ್ಕ ಹೋಗ್ತೈತಿ, ಅದಕ್ಕ ಅಡ್ಡ ಗ್ವಾಡಿ ಎಬ್ಬಿಸಿದ್ರ ಆ ನೀರು ಹಿಂದಕ್ಕ ಬಂದು ಕೆಳಗಿನ ಓಣಿ ಮನಿಗೋಳಿಗೆ ನುಗ್ಗತೈತಿ. ಆ ಓಣ್ಯಾಗ ಇರೋರು ದಿನಗೂಲಿ ಮಂದಿ. ಅವರಿಗೆ ಯಾರೂ ಕೇಳಿಲ್ಲ.

ಗೇಟ್ ಅಂದಿನಲ್ಲ, ಅದಕ್ಕ ಟೈಮ್ ಅಂತ, ಮುಂಜಾನಿ ಆರರಿಂದ ಒಂಬತ್ತು, ಸಂಜಿ ಐದರಿಂದ ಎಂಟು. ನಮ್ಮ ಮಕ್ಕಳು ಐದೂವರಿಗೆ ಓಡೋದು, ಬಿಸಲು ಏರೋದ್ರಾಗ ಮನಿಗೆ ಬಂದು ಓದಾಕ ಕುಂದರಬೇಕು. ಹೊಲಕ್ಕ ಹೋಗೋ ಹೆಣಮಕ್ಕಳು ಮಧ್ಯಾಹ್ನ ಬುತ್ತಿ ತಗೊಂಡು ಏರಿ ಮ್ಯಾಗ ಹೋಗ್ತಾರ. ಗೇಟ್ ಹಾಕಿದ್ರ ಅವರು ಒಂದೂವರಿ ಕಿಲೋಮೀಟರ್ ಸುತ್ತಿ ಹೈವೇ ಮ್ಯಾಗ ಹೋಗಬೇಕು. ಸಾರ್ವಜನಿಕರ ದಾರಿ ಅಂತ ಹೆಸರಿಟ್ಟು ಸಾರ್ವಜನಿಕರು ದಿನಾ ನಡಿಯೋ ದಾರಿ ಬಂದ್ ಮಾಡೋದು ಇದು.

ಮತ್ತ ಬೀಗದ ಕಥಿ ನನಗ ಗೊತ್ತಿಲ್ಲೇನು? ಊರಾಗ ಈಗಾಗಲೇ ಎರಡು ಪಾರ್ಕ್ ಅದಾವ, ಹೋಗಿ ನೋಡ್ರಿ. ಒಂದರಾಗ ಬಳ್ಳಾರಿ ಜಾಲಿ ಆಳುದ್ದ ಬೆಳದೈತಿ, ಓಪನ್ ಜಿಮ್ ಅಂತ ಹಾಕಿದ ಸಾಮಾನಿನ ಹಿಡಕಿ ಕಿತ್ತು ಹೋಗ್ಯಾವ, ಜೋಕಾಲಿಗೆ ಸರಪಳಿ ಅಷ್ಟ ಉಳದಾವ. ಇನ್ನೊಂದಕ್ಕ ಬೀಗ, ಚಾವಿ ನೀರು ಬಿಡೋ ವಾಲ್‌ಮನ್ ಹತ್ರ ಇರ್ತೈತಿ ಅಂತಾರ, ಅವ ಸಿಗಂಗಿಲ್ಲ. ಇದ್ದ ಎರಡನ್ನ ಸುದ್ದ ಇಟ್ಟುಕೊಳ್ಳಾಕ ಒಬ್ಬ ಮಾಲಿನ್ನ ಹಚ್ಚಾಕ ಆಗಿಲ್ಲ, ಹೊಸದಕ್ಕ ಕಾರಂಜಿ ಬೇಕಂತ.

ಸಾಮಾನ್ಯ ಸಭೆಗೂ ಹೋದೆ, ಹಿಂದ ಕುರ್ಚಿ ಮ್ಯಾಲೆ ಕುಂತು ಕೇಳಿದೆ. ಫಾಗಿಂಗ್ ಮಷೀನ್ ಖರೀದಿ ಆದ ಮ್ಯಾಲೆ, ಟ್ರ್ಯಾಕ್ಟರ್ ಡೀಸೆಲ್ ಬಿಲ್ಲಿಗಿಂತ ಮೊದಲ ನಮ್ಮ ವಿಷಯ ಬಂತು. ಓದಿದ್ರು, ಯಾರೋ ಒಬ್ರು ಕಮಾನಿಗೆ ಯಾರ ಹೆಸರಿಡಬೇಕು ಅಂದ್ರು, ಅದರ ಮ್ಯಾಲೆ ಜಗಳ ಆತು, ಆಮ್ಯಾಲೆ ಸರ್ವಾನುಮತ ಅಂತ ಬರಕೊಂಡ್ರು. ಏಳೆಂಟು ನಿಮಿಷದಾಗ ಮುಗೀತು. ಹೆಸರಿನ ಜಗಳಕ್ಕ ಅದರಾಗ ಐದು ನಿಮಿಷ ಹೋತು. ನಾನು ಎದ್ದು ಒಂದು ಮಾತು ಹೇಳ್ತೀನ್ರಿ ಅಂದೆ, ಸಾರ್ವಜನಿಕರಿಗೆ ಮಾತಾಡಾಕ ಅವಕಾಶ ಇಲ್ಲ ಅಂತ ಕೂಡ್ರಿಸಿದ್ರು. ನಮ್ಮ ವಾರ್ಡಿನ ಸದಸ್ಯರು ಓಟಿನ ಮುಂದ ನಮ್ಮ ಅಂಗಡಿ ಮೆಟ್ಟಲ ಮ್ಯಾಲೆ ಕುಂತು ಚಾ ಕುಡದು ಹೋದೋರು, ಅವತ್ತು ನನ್ನ ಮುಖಾ ಸೈತ ನೋಡಲಿಲ್ಲ. ಅದು ಮನಸ್ಸಿಗೆ ಭಾಳ ಹತ್ತೈತಿ.

ನನ್ನ ಮಗಳು ಪರೀಕ್ಷೆಗೆ ಬಾಯಿಪಾಠ ಮಾಡ್ತಿರ್ತಾಳ, 74ನೇ ತಿದ್ದುಪಡಿ 1992, 12ನೇ ಅನುಸೂಚಿ, ನಗರಸಭೆ ಪುರಸಭೆಗೆ 18 ವಿಷಯ, ಅದರಾಗ ಒಂದು ಪಾರ್ಕು, ತೋಟ, ಆಟದ ಮೈದಾನ. ಆಟದ ಮೈದಾನ ಅಂತ ಬಿಡಿಸಿ ಬರದಾರ ನೋಡ್ರಿ. ಪಾರ್ಕ್ ಮಾಡ್ತೀವಿ ಅಂತ ಮೈದಾನ ನುಂಗ್ರಿ ಅಂತ ಬರದಿಲ್ಲ. ಮಳಿಗಿ ಕಟ್ಟೋ ಮಾತಿಗೂ ಒಂದು ಹೇಳ್ತೀನಿ. ಬೆಂಗಳೂರಾಗ ಪಾರ್ಕಿಗೆ ಅಂತ ಬಿಟ್ಟ ಜಾಗಾನ ಖಾಸಗಿ ನರ್ಸಿಂಗ್ ಹೋಂ ಕಟ್ಟಾಕ ಕೊಟ್ಟಿದ್ರು, ಅಲ್ಲಿನ ಮಂದಿ ಕೋರ್ಟಿಗೆ ಹೋದ್ರು, 1991ರಾಗ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ತೀರ್ಪು ಕೊಡ್ತು. ದವಾಖಾನಿನ ಬ್ಯಾಡ ಅಂದಮ್ಯಾಲೆ ಇವರು ಮೊಬೈಲ್ ಅಂಗಡಿ ಬಾಡಿಗಿಗೆ ಕೊಡ್ತೀವಿ ಅಂತಾರ. ಪುರಸಭೆಗೆ ಆದಾಯ ಬರ್ತೈತಿ ಅಂತ ಹೇಳೋರು ಬಸ್ ಸ್ಟ್ಯಾಂಡ್ ಎದುರಿಗೆ ಇರೋ ಹಳೇ ಮಳಿಗಿಗಳ ಬಾಕಿ ಬಾಡಿಗಿ ಮೊದಲು ವಸೂಲಿ ಮಾಡ್ಲಿ.

ನೀನು ಅಭಿವೃದ್ಧಿ ವಿರೋಧಿ ಅಂತ ಊರ ಗ್ರೂಪಿನ್ಯಾಗ ಒಬ್ರು ನನಗ ಬರದ್ರು. ಅಣ್ಣಾರ, ನಿಮ್ಮ ಮಗ ಬೆಂಗಳೂರಾಗ ಜಿಮ್‌ಗೆ ಹೋಗ್ತಾನ, ನನ್ನ ಮಗಳಿಗೆ ಇರೋದು ಇದೊಂದ ಬಯಲು. ನಾನು ಕೇಳೋದು ಏನು ಭಾಳ ದೊಡ್ಡದೇನ್ರಿ? ಬಯಲಿನ್ಯಾಗ ಸರಿಯಾಗಿ ಅಳದು 400 ಮೀಟರ್ ಮಣ್ಣಿನ ಟ್ರ್ಯಾಕ್, ಗರಸು ಹಾಕಿ ರೋಲರ್ ಹೊಡೀರಿ ಸಾಕು, ಏರಿ ಮ್ಯಾಲೆ ಈಗಿರೋ ದಾರಿನ ಗುಡಿತನಕ ಹದ ಮಾಡಿ ಎರಡು ಕಡೆ ಬೇವು ಹೊಂಗಿ ಹಚ್ರಿ, ಲೈಟ್ ಹಾಕ್ರಿ, ಹೆಣಮಕ್ಕಳಿಗೆ ಪಾಯಖಾನಿ, ಒಂದು ನಳ, ಗೇಟ್ ಬ್ಯಾಡ. ಕಮಾನಿನ ರೊಕ್ಕದಾಗ ಇದರಾಗ ಅರ್ಧ ಆಗ್ತೈತಿ.

ಕೇಳಿದ್ರ ನಾವೂ ಕೈ ಹಚ್ತಿದ್ವಿ. ನಮ್ಮ ಜಿಲ್ಲೆದಾಗ 2019ರಾಗ ಗವಿಮಠದ ಸ್ವಾಮಿಗೋಳು ತಾವ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ಎಷ್ಟು ಮಂದಿ ಬಂದ್ರು, ಎಲ್ಲಾರೂ ನೋಡೀವಿ. ನಮ್ಮೂರಿಂದನೂ ಹೋಗಿದ್ರು, ನಮ್ಮ ಮನಿಯವರು ಎರಡು ದಿನ ಬುಟ್ಟಿ ಹೊತ್ತು ಬಂದ್ರು. ಕರದ್ರ ಜನ ಬರ್ತಾರ್ರಿ. ಇವರು ಕರದಿಲ್ಲ. ಆ ಬಯಲಿನ್ಯಾಗ ದಿನಾ ಬೆವರು ಸುರಿಸೋ ಒಂದು ಹುಡುಗನ್ನ, ಒಂದು ಹುಡುಗಿನ್ನ ಕರದು ನಿಮಗ ಏನು ಬೇಕಪಾ ಅಂತ ಕೇಳಿಲ್ಲ. ನನ್ನ ಸಿಟ್ಟೆಲ್ಲಾ ಅದಕ್ಕ.

ಇವತ್ತು ಮುಂಜಾನಿ ಆ ಗೂಟ ನೋಡಿ ಮಗಳು ಏನೂ ಅನ್ನಲಿಲ್ಲ. ಗುಂಡಿ ಬಿಟ್ಟು ಮಗ್ಗಲಿಗೆ ಸರದು ಬರೇ ನೆಲದ ಮ್ಯಾಲೆ ಜಂಪ್ ಹೊಡದ್ಲು, ಹಿಮ್ಮಡಿ ತರಚಿ ರಕ್ತ ಬಂತು. ಮನಿಗೆ ಬಂದು ಅರಿಶಿಣ ಹಚ್ಚೀನಿ.

ಸೋಮವಾರ ಹನ್ನೊಂದು ಗಂಟೆಗೆ ಮುಖ್ಯಾಧಿಕಾರಿಗೆ ಮನವಿ ಕೊಡಾಕ ಹೊಂಟೀವಿ, ಪ್ರತಿ ಡಿಸಿ ಆಫೀಸಿಗೂ ಕಳಸ್ತೀವಿ. ಸಹಿ ಹಾಕೋ ಹಾಳಿ ನನ್ನ ಅಂಗಡಿ ಟೇಬಲ್ ಮ್ಯಾಲೆ ಇಟ್ಟೀನಿ, ಈಗ 112 ಸಹಿ ಆಗ್ಯಾವ. ಕೆಳಗಿನ ಓಣಿಯವರು, ಹೊಲಕ್ಕ ಹೋಗೋ ಅಕ್ಕತಂಗ್ಯಾರು, ಓಡೋ ಹುಡುಗ್ರು ಎಲ್ಲಾರೂ ಬಂದು ಸಹಿ ಹಾಕ್ರಿ, ಬರಿಯಾಕ ಬರದೋರು ಹೆಬ್ಬೆಟ್ಟು ಒತ್ರಿ. ರಾತ್ರಿ ಒಂಬತ್ತರತನಕ ಬಾಗಲಾ ತೆರದಿರ್ತೈತಿ.